ಏರುವ ನೀರಲ್ಲಿ ದೋಣಿ: ಕರೂರು ಸೀಮೆಯಿಂದ ಒಂದು ಉತ್ತರ

ಜುಲೈನಲ್ಲಿ ದೋಣಿ ತಂದು ಶರಾವತಿ ಹಿನ್ನೀರಿನಲ್ಲೋ ತುಂಗೆಯಲ್ಲೋ ಬಿಡಬಹುದೇ, ನೆರೆ ಬಂದರೆ ನೀವೆಲ್ಲ ದೋಣಿಯನ್ನು ಏನು ಮಾಡುತ್ತೀರಿ ಎಂದು ಕೇಳಿದ್ದೀರಿ. ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಡಲು ಬರುವುದಿಲ್ಲ. ತುಂಗೆಯ ನೆರೆ ಓಡುವ ನೀರು, ಹಿನ್ನೀರಿನ ನೆರೆ ಏರುವ ನೀರು. ಒಂದರಲ್ಲಿ ದೋಣಿ ಕೊಚ್ಚಿಕೊಂಡು ಹೋಗುತ್ತದೆ, ಇನ್ನೊಂದರಲ್ಲಿ ಕಟ್ಟಿದ ಜಾಗದಲ್ಲೇ ಮುಳುಗುತ್ತದೆ. ಹೊರಗಿನಿಂದ ಬಂದವರು ಮೊದಲನೆಯದಕ್ಕೆ ಹೆದರುತ್ತಾರೆ, ಎರಡನೆಯದು ಅವರ ಲೆಕ್ಕದಲ್ಲೇ ಇರುವುದಿಲ್ಲ.

ಕರೂರು, ಬಾರಂಗಿ ಹೋಬಳಿಗಳು ಸಾಗರ ತಾಲೂಕಿನ, ಶಿವಮೊಗ್ಗ ಜಿಲ್ಲೆಯ ಪಡುವಣ ಅಂಚು. ಒಂದು ಕಡೆ ಘಟ್ಟ ಇಳಿದರೆ ಕೊಲ್ಲೂರು, ಉಡುಪಿ ಜಿಲ್ಲೆ. ಇನ್ನೊಂದು ಕಡೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಲ್ಲಿಸಿದ ನೀರು. ಅರವತ್ತು ವರ್ಷ ಸಾಗರ ಪೇಟೆಗೆ ಹತ್ತಿರದ ದಾರಿ ಎಂದರೆ ಹೊಳೆಬಾಗಿಲಿನ ಲಾಂಚ್, ಅಂದರೆ ಬಸ್ಸನ್ನೂ ಏರಿಸಿ ದಾಟಿಸುತ್ತಿದ್ದ ದೊಡ್ಡ ಎಂಜಿನ್ ದೋಣಿ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ತೆರೆಯಿತು. ಆಸ್ಪತ್ರೆಗೆ ಓಡುವವರಿಗೆ, ಕಾಲೇಜು ಮಕ್ಕಳಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಎಂದು ಇಲ್ಲಿ ಬದುಕಿದವರಿಗೇ ಗೊತ್ತು. ಆದರೆ ಸೇತುವೆ ಇರುವುದು ಒಂದೇ ಜಾಗದಲ್ಲಿ. ಹಿನ್ನೀರಿನ ಕವಲುಗಳ ಆಚೀಚೆ ತೋಟ, ಮನೆ, ಗದ್ದೆ ಇಟ್ಟುಕೊಂಡವರಿಗೆ ದೋಣಿ ಇವತ್ತಿಗೂ ಬೇಕು.

ಮೊದಲು ಲೆಕ್ಕ. ಪತ್ರಿಕೆಗಳಲ್ಲಿ ಮಳೆಗಾಲ ಪೂರ್ತಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಅದನ್ನು ದೋಣಿಯವರ ಕಣ್ಣಿನಲ್ಲಿ ಓದಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 50 ಸಾವಿರ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 4.3 ಟಿಎಂಸಿ ಆಗುತ್ತದೆ. ತುಂಗೆಗೆ ಕಟ್ಟಿದ ಗಾಜನೂರು ಅಣೆಕಟ್ಟಿನ ಒಟ್ಟು ಸಾಮರ್ಥ್ಯವೇ 3.24 ಟಿಎಂಸಿ. ಅಂದರೆ ಒಂದು ದಿನದ ನೀರನ್ನೂ ಅದು ಹಿಡಿದಿಡಲಾರದು. ತುಂಬಿದ ಮೇಲೆ ಬಂದಷ್ಟನ್ನೂ ಗೇಟಿನಿಂದ ಕೆಳಗೆ ಬಿಡಲೇಬೇಕು. ಅದೇ ನೀರು ಲಿಂಗನಮಕ್ಕಿಗೆ ಬಂದರೆ? ಅದು 151 ಟಿಎಂಸಿಯ ಪಾತ್ರೆ, ತುಂಬಲು ಐದು ವಾರ ಬೇಕು. ಅಲ್ಲಿ ಹರಿವು ಕಾಣುವುದಿಲ್ಲ, ಮಟ್ಟ ಏರುವುದು ಮಾತ್ರ ಕಾಣುತ್ತದೆ. ಜಲಾಶಯ ತುಂಬಲು ಬಂದಾಗ ನೀರಿನ ಹರವು ಸುಮಾರು 300 ಚದರ ಕಿಲೋಮೀಟರ್, ಆಗ 4.3 ಟಿಎಂಸಿ ಎಂದರೆ ಒಂದೂಕಾಲು ಅಡಿ ಏರಿಕೆ. ಜೂನ್ ಕೊನೆಯಲ್ಲಿ ಹರವು ಇನ್ನೂ ಚಿಕ್ಕದು, ಹಾಗಾಗಿ ಅಷ್ಟೇ ನೀರಿಗೆ ಎರಡು, ಮೂರು ಅಡಿಯೂ ಏರಬಹುದು.

ಎರಡು ಅಡಿ ಎಂದರೆ ಏನು ಮಹಾ ಎನ್ನಿಸಬಹುದು. ಇಲ್ಲಿನ ದಡ ಗೋಡೆಯಂತೆ ನಿಂತಿಲ್ಲ, ಹಳೆಯ ಗದ್ದೆ, ಬ್ಯಾಣಗಳ (ಹುಲ್ಲುಗಾವಲುಗಳ) ಇಳಿಜಾರು. ಇಪ್ಪತ್ತು ಅಡಿ ನಡೆದರೆ ಒಂದು ಅಡಿ ಏರುವ ದಡದಲ್ಲಿ ಎರಡು ಅಡಿ ನೀರು ಬಂದರೆ ನೀರಂಚು 40 ಅಡಿ ಒಳಗೆ ಬಂದಿರುತ್ತದೆ. ಸಂಜೆ ನೀರಂಚಿನ ಗಿಡದ ಬುಡಕ್ಕೆ ಆರಡಿ ಹಗ್ಗದಲ್ಲಿ ದೋಣಿ ಕಟ್ಟಿ ಹೋದರೆ ಬೆಳಿಗ್ಗೆ ಆ ಗಂಟು ನೀರಿನ ಅಡಿಯಲ್ಲಿರುತ್ತದೆ. ಇನ್ನೊಂದು ದಿನ ಬಿಟ್ಟರೆ ಹಗ್ಗ ಬುಡದಿಂದ ನೇರ ಕೆಳಕ್ಕೆ ಜಗ್ಗುತ್ತದೆ. ದೋಣಿಯ ಮೂತಿ ತಗ್ಗುತ್ತದೆ, ಅಲೆ ಒಳಗೆ ಬರುತ್ತದೆ, ದೋಣಿ ತುಂಬುತ್ತದೆ. ಹಿನ್ನೀರಿನಲ್ಲಿ ದೋಣಿ ಹಾಳಾಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ. ಸೆಳವಿಲ್ಲ, ಬಿರುಗಾಳಿಯಿಲ್ಲ, ಬರೀ ಗಿಡ್ಡ ಹಗ್ಗ.

ಆದ್ದರಿಂದ ಕಟ್ಟುವ ಕ್ರಮ ಹೀಗೆ. ಹಗ್ಗ 12 ಮಿಲಿಮೀಟರ್ ನೈಲಾನ್, 80 ಅಡಿಗೆ ಕಡಿಮೆ ಇರಬಾರದು. ಕಟ್ಟುವ ಮರ ನೀರಂಚಿನದ್ದಲ್ಲ, ದಡದಲ್ಲಿ ಮೇಲೆ, ಕನಿಷ್ಠ ನಾಲ್ಕೈದು ಅಡಿ ಎತ್ತರದ ಮಟ್ಟದಲ್ಲಿ ನಿಂತದ್ದು. ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ ಕಟ್ಟಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮ ಇಲ್ಲವೇ ನೈರುತ್ಯದ್ದು, ಹಾಗಾಗಿ ಪಶ್ಚಿಮಕ್ಕೆ ಗುಡ್ಡ ಅಡ್ಡವಿರುವ ಕವಲು ಸಿಕ್ಕರೆ ಅರ್ಧ ಕೆಲಸ ಆದಂತೆ. ಹಿಂಬದಿಗೆ 25-30 ಕಿಲೋ ಕಲ್ಲನ್ನು ಲಂಗರಾಗಿ ಬಿಡಬೇಕು, ಇಲ್ಲದಿದ್ದರೆ ದೋಣಿ ಸುತ್ತ ತಿರುಗಿ ದಡದ ಕಲ್ಲಿಗೆ ಹೊಡೆದುಕೊಳ್ಳುತ್ತದೆ. ಹಗ್ಗ ದೋಣಿಯ ಅಂಚಿಗೆ ಉಜ್ಜುವ ಕಡೆ ಹಳೆ ಸೈಕಲ್ ಟ್ಯೂಬ್ ಸುತ್ತಿ. ಎರಡು ರಾತ್ರಿ ಉಜ್ಜಿದರೆ ಹೊಸ ಹಗ್ಗವೂ ಎಳೆ ಬಿಡುತ್ತದೆ. ಕೆಲವರು ನೀರೊಳಗೆ ನೇರ ನಿಂತ ಮರಕ್ಕೆ ಸಡಿಲ ಬಳೆಯಂತೆ ಹಗ್ಗ ಹಾಕಿ, ನೀರು ಏರಿದಂತೆ ಬಳೆಯೂ ಮೇಲೇರಲಿ ಎಂದು ಬಿಡುತ್ತಾರೆ. ಉಪಾಯ ಒಳ್ಳೆಯದೇ, ಆದರೆ ಬಳೆ ಒಂದು ಕೊಂಬೆಯ ಗಂಟಿಗೆ ಸಿಕ್ಕಿಕೊಂಡರೆ ಮತ್ತೆ ಅದೇ ಕಥೆ. ದಿನಕ್ಕೆ ಒಮ್ಮೆ ನೋಡುವವರಿದ್ದರೆ ಮಾತ್ರ ಮಾಡಿ.

ಇನ್ನು ಆಕಾಶದ ನೀರು. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ತೆರೆದ ದೋಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಒಳಗೆ ಸುಮಾರು 440 ಲೀಟರ್ ನಿಲ್ಲುತ್ತದೆ. ಹದಿನೈದು ಲೀಟರ್ ಹಿಡಿಯುವ ಕೊಡದಲ್ಲಿ ಮೂವತ್ತು ಕೊಡ. ಪುನರ್ವಸು, ಪುಷ್ಯ ಮಳೆಯಲ್ಲಿ ಒಂದೇ ರಾತ್ರಿ ಅಷ್ಟು ಸುರಿಯುವುದು ನಮ್ಮಲ್ಲಿ ವಿಶೇಷವೇ ಅಲ್ಲ. ಆ ಭಾರಕ್ಕೆ ದೋಣಿ ಮುಳುಗದೆ ಇರಬಹುದು, ಆದರೆ ಅಂಚು ನೀರಿಗೆ ಹತ್ತಿರ ಬಂದಿರುತ್ತದೆ, ಒಂದು ಗಾಳಿ ಬೀಸಿದರೆ ಮುಗಿಯಿತು. ಎರಡು ದಿನ ಬೇಡವೆಂದರೆ ದಡಕ್ಕೆ ಎಳೆದು ಬೋರಲು ಹಾಕಿ. ನೀರಲ್ಲೇ ಇರಬೇಕೆಂದರೆ ಉದ್ದಕ್ಕೆ ಒಂದು ಬಿದಿರು ಗಳ ಎತ್ತರದಲ್ಲಿ ಕಟ್ಟಿ ಅದರ ಮೇಲೆ ಟಾರ್ಪಾಲನ್ನು ಮನೆಯ ಮಾಡಿನಂತೆ ಇಳಿಬಿಡಿ. ಸಪಾಟಾಗಿ ಹೊದಿಸಿದರೆ ನಡುವೆ ನೀರು ತೊಟ್ಟಿಲಾಗಿ ನಿಂತು ಗಳವನ್ನೇ ಮುರಿಯುತ್ತದೆ. ಮರದ ದೋಣಿ ಬೇಸಿಗೆಯಲ್ಲಿ ಒಣಗಿ ಸಂದು ಬಿಟ್ಟಿರುತ್ತದೆ. ಮೃಗಶಿರಾ ಮಳೆ ಹಿಡಿಯುವ ಮೊದಲೇ ನಾಲ್ಕು ದಿನ ನೀರಲ್ಲಿ ಮುಳುಗಿಸಿಟ್ಟರೆ ಮರ ಉಬ್ಬಿ ಸಂದು ಕೂಡುತ್ತದೆ. ಅದಾದ ಮೇಲೂ ಜಿನುಗುವ ಕಡೆಗೆ ಮಾತ್ರ ರಿಪೇರಿ.

ಈಗ ಜನ ತಪ್ಪು ತಿಳಿಯುವ ಇನ್ನೊಂದು ವಿಷಯ. ಜಲಾಶಯ ತುಂಬಿದಾಗ ಅಪಾಯ ಹೆಚ್ಚು ಎಂದುಕೊಳ್ಳುತ್ತಾರೆ. ಹಿನ್ನೀರಿನಲ್ಲಿ ದೋಣಿಯ ತಳಕ್ಕೆ ಅತಿ ಕೆಟ್ಟ ಕಾಲ ಜೂನ್ ಕೊನೆಯಿಂದ ಜುಲೈ ಕೊನೆ, ಅಂದರೆ ನೀರು ಅರ್ಧ ಏರಿದಾಗ. ಮುಳುಗಡೆಯಾದ ಕಾಡಿನ ಬೊಡ್ಡೆಗಳು ಇನ್ನೂ ನಿಂತಿವೆ. ಬೇಸಿಗೆ ಕೊನೆಗೆ ಮಟ್ಟ 1750 ಅಡಿಯ ಆಸುಪಾಸಿಗೆ ಇಳಿಯುವುದುಂಟು, ತುಂಬಿದಾಗ 1819. ನಡುವಿನ ಆ ಎಪ್ಪತ್ತು ಅಡಿಯ ದಡವೆಲ್ಲ ಬೊಡ್ಡೆ, ಕಲ್ಲು, ಹಳೆ ಬೇಲಿ, ಮನೆಗಳ ಅಡಿಪಾಯ. ಮೇ ತಿಂಗಳಲ್ಲಿ ಅವೆಲ್ಲ ಕಣ್ಣಿಗೆ ಕಾಣುತ್ತವೆ, ಸೆಪ್ಟೆಂಬರ್‌ನಲ್ಲಿ ಎಷ್ಟೋ ಆಳಕ್ಕೆ ಹೋಗಿರುತ್ತವೆ. ನಡುವಿನ ಕಾಲದಲ್ಲಿ ನೀರಿನಿಂದ ಒಂದು ಗೇಣು ಕೆಳಗೆ ನಿಂತಿರುತ್ತವೆ. ಹೊಸನೀರು ಕೆಂಪಗಿರುವುದರಿಂದ ಒಂದು ಗೇಣು ಕೂಡ ಒಳಗೆ ಕಾಣುವುದಿಲ್ಲ. ಪ್ರತಿ ವಾರ ನೀರು ಏರಿದಂತೆ ಬೇರೆ ಸಾಲಿನ ಬೊಡ್ಡೆಗಳು ಆ ಒಂದು ಗೇಣಿನ ಆಳಕ್ಕೆ ಬರುತ್ತವೆ, ಹಾಗಾಗಿ ಕಳೆದ ಭಾನುವಾರ ಸಲೀಸಾಗಿದ್ದ ದಾರಿ ಈ ಭಾನುವಾರ ಇರುವುದಿಲ್ಲ. ಶರಾವತಿಗೆ ಮೊದಲು ಕಟ್ಟಿ 1948ರಲ್ಲಿ ಮುಗಿಸಿದ ಮಡೆನೂರು ಅಣೆಕಟ್ಟು ಕೂಡ ಇದೇ ನೀರಿನೊಳಗಿದೆ, ಮಟ್ಟ ತೀರಾ ಇಳಿದ ವರ್ಷ ಮೇಲೆ ಕಾಣುತ್ತದೆ.

ಇದಕ್ಕೆ ಮದ್ದು ಮೇ ತಿಂಗಳಲ್ಲಿದೆ. ನೀರು ಇಳಿದಾಗ ನಿಮ್ಮ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿ, ಎಲ್ಲಿ ಹಳೆಯ ಗಾಡಿದಾರಿ, ಎಲ್ಲಿ ಹೊಳೆಯ ಮೂಲ ಪಾತ್ರ ಎಂದು ತಿಳಿದುಕೊಳ್ಳಿ. ಗಾಡಿದಾರಿಯ ಮೇಲೆ ಬೊಡ್ಡೆ ಇರುವುದಿಲ್ಲ. ದೊಡ್ಡ ಬೊಡ್ಡೆಗಳಿಗೆ ಉದ್ದ ಹಗ್ಗದಲ್ಲಿ ಖಾಲಿ ಐದು ಲೀಟರ್ ಕ್ಯಾನು ಕಟ್ಟಿ ಬಿಟ್ಟರೆ ನೀರು ಏರಿದಾಗ ಅದು ಮೇಲೆ ತೇಲಿ ಗುರುತಾಗುತ್ತದೆ. ಮುಚ್ಚಳ ಬಿಗಿಯಾಗಿರಲಿ. ಎಂಜಿನ್ ದೋಣಿಯಾದರೆ ದಡದಿಂದ ನೂರು ಮೀಟರ್‌ವರೆಗೆ ನಡಿಗೆಯ ವೇಗ ಸಾಕು, ಮೂತಿಯಲ್ಲಿ ಒಬ್ಬರು ಗಳ ಹಿಡಿದು ಮುಂದೆ ತಡಕುತ್ತಿರಬೇಕು. ಬೊಡ್ಡೆಗೆ ಪ್ರೊಪೆಲ್ಲರ್ ಹೊಡೆದರೆ ಸಣ್ಣ ಎಂಜಿನ್‌ಗಳಲ್ಲಿ ಪ್ರೊಪೆಲ್ಲರನ್ನು ಹಿಡಿದಿಟ್ಟ ಸಣ್ಣ ಕಡ್ಡಿ, ಶಿಯರ್ ಪಿನ್, ತುಂಡಾಗುತ್ತದೆ. ಗೇರು ಉಳಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುವುದು, ಅದರ ಬದಲು ಮೊಳೆ ಹಾಕಬೇಡಿ. ಎರಡು ಪಿನ್, ಒಂದು ಇಕ್ಕಳ ಸದಾ ದೋಣಿಯಲ್ಲಿರಲಿ. ಅಡಿಕೆ ಹಾಳೆ, ಸೋಗೆ, ಬಿದಿರೆಲೆ ಹೊಸನೀರಿನ ಜೊತೆ ರಾಶಿ ತೇಲಿ ಬರುತ್ತವೆ. ಅವು ಎಂಜಿನ್‌ಗೆ ತಂಪು ನೀರು ಎಳೆಯುವ ಕಿಂಡಿಗೆ ಅಂಟಿದರೆ ಪಕ್ಕದಿಂದ ಚಿಮ್ಮುವ ನೀರಿನ ಎಳೆ ನಿಲ್ಲುತ್ತದೆ. ಅದು ನಿಂತ ಕೂಡಲೇ ಎಂಜಿನ್ ಆರಿಸಿ, ಮೇಲೆತ್ತಿ, ಕಿಂಡಿ ಕೆರೆದು ಬಿಡಿಸಬೇಕು. ದಡ ಮುಟ್ಟಿ ನೋಡೋಣ ಎಂದರೆ ಎಂಜಿನ್ ಕಚ್ಚಿಕೊಳ್ಳುತ್ತದೆ.

ಮಳೆ ಬಿಡುವು ಕೊಟ್ಟಾಗ ಅಡಿಕೆಯ ಕೊಳೆರೋಗ ತಡೆಯಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವವರ ದೋಣಿಯಲ್ಲಿ ಸುಣ್ಣ, ಮೈಲುತುತ್ತು ಸಾಗುತ್ತದೆ. ನೂರು ಲೀಟರ್ ದ್ರಾವಣಕ್ಕೆ ಕಿಲೋ ಸುಣ್ಣ, ಕಿಲೋ ಮೈಲುತುತ್ತು. ಅಲ್ಯೂಮಿನಿಯಂ ದೋಣಿಯ ತಳದಲ್ಲಿ ಮೈಲುತುತ್ತಿನ ನೀರು ನಿಂತರೆ ಲೋಹ ತಿಂದು ಚುಕ್ಕೆ ಚುಕ್ಕೆ ತೂತಾಗುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಒಯ್ಯಿರಿ, ಚೆಲ್ಲಿದರೆ ಅಲ್ಲೇ ತೊಳೆಯಿರಿ.

ಉಡುಪಿನ ಬಗ್ಗೆ ಒಂದು ಮಾತು, ಇದು ಜೀವದ ವಿಷಯ. ಕಂಬಳಿಕೊಪ್ಪೆ ಗದ್ದೆಗೆ ಒಳ್ಳೆಯದು, ದೋಣಿಗಲ್ಲ. ನೆನೆದ ಕಂಬಳಿ ಈಜುವವನನ್ನೂ ಕೆಳಗೆ ಒಯ್ಯುತ್ತದೆ. ಉಂಬಳಕ್ಕೆಂದು (ಜಿಗಣೆಗೆಂದು) ಹಾಕಿದ ಗಂಬೂಟು ಇನ್ನೂ ಕೆಟ್ಟದ್ದು, ನೀರು ತುಂಬಿದರೆ ಬಿಚ್ಚಲು ಬರುವುದಿಲ್ಲ. ಅದನ್ನು ದಡದಲ್ಲೇ ಕಳಚಿ ಕೈಯಲ್ಲಿ ಹಿಡಿದು ಹತ್ತಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ, ತೊಡೆಯ ಪಟ್ಟಿ ಸಮೇತ. ನಡುನೀರಿನಲ್ಲಿ ಕಿಲೋಮೀಟರ್‌ಗಟ್ಟಲೆ ಗಾಳಿಗೆ ತಡೆಯಿಲ್ಲ, ಅರ್ಧ ಗಂಟೆಯಲ್ಲಿ ಸಣ್ಣ ದೋಣಿ ತಡೆಯಲಾರದ ಅಲೆ ಏಳುತ್ತದೆ. ಲಾಂಚ್‌ಗಳನ್ನೇ ಗಾಳಿ ಜೋರಾದಾಗ ನಿಲ್ಲಿಸುತ್ತಿದ್ದರು. ಬಸ್ಸು ಏರಿಸಿದ ಲಾಂಚಿಗೆ ಆ ಬಸ್ಸಿನ ಮಗ್ಗುಲೇ ಹಾಯಿಯಂತೆ ಗಾಳಿ ಹಿಡಿಯುತ್ತಿತ್ತು.

ತುಂಗೆಯ ಮಾತಿಗೆ ಬಂದರೆ ಉತ್ತರ ಚಿಕ್ಕದು: ಗಾಜನೂರು ಗೇಟು ತೆರೆದ ಮೇಲೆ ನೀವು ಇಳಿಯಬೇಡಿ. ಶಿವಮೊಗ್ಗದಲ್ಲಿ ಬಿಸಿಲಿರಬಹುದು, ಶೃಂಗೇರಿ, ಆಗುಂಬೆ ಕಡೆ ರಾತ್ರಿ ಸುರಿದದ್ದು ಹಗಲಿಗೆ ಬರುತ್ತದೆ. ತೀರ್ಥಹಳ್ಳಿಯಲ್ಲಿ ರಾಮಮಂಟಪ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಎಷ್ಟು ಮುಳುಗಿದೆ ಎಂಬುದೇ ಊರವರ ಅಳತೆಗೋಲು. 2019ರ ಆಗಸ್ಟ್‌ನಲ್ಲಿ ನೀರು ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿತ್ತು. ಹುಟ್ಟು ಹಾಕುವವನ ಕೈಗೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಬಲವಿರುತ್ತದೆ, ನೆರೆಯ ಹೊಳೆ ಅದರ ಎರಡು ಪಟ್ಟು ಓಡುತ್ತದೆ. ವೇಗ ಎರಡರಷ್ಟಾದರೆ ನೀರಿನ ಒತ್ತಡ ನಾಲ್ಕರಷ್ಟು. ದಡದ ಬಾಗಿದ ಮರಗಳ ಕೊಂಬೆ ನೀರಿಗೆ ಬಿದ್ದಿರುತ್ತದೆ. ನೀರು ಅದರ ಮೂಲಕ ಹಾದುಹೋಗುತ್ತದೆ, ದೋಣಿ ಹೋಗುವುದಿಲ್ಲ, ಅಡ್ಡ ಒತ್ತಿಕೊಂಡು ಮಗುಚುತ್ತದೆ. ಚೆಕ್‌ಡ್ಯಾಂಗಳ ಕೆಳಗೆ ನೀರು ಹಿಂದಕ್ಕೆ ಉರುಳುತ್ತಿರುತ್ತದೆ, ಅದಕ್ಕೆ ಸಿಕ್ಕಿದ್ದು ತಾನಾಗಿ ಹೊರಬರುವುದಿಲ್ಲ. ನೀರು ಸಾಧಾರಣ ಇರುವಾಗ ಹರಿಗೋಲಿನಲ್ಲಿ ದಾಟಿಸುವ ಅಂಬಿಗರು ಕೂಡ ನೇರ ಬಿಡುವುದಿಲ್ಲ. ಹರಿಗೋಲನ್ನು ದಡದಲ್ಲೇ ಮೇಲಕ್ಕೆ ಹೊತ್ತು ನಡೆದು, ಅಲ್ಲಿಂದ ಬಿಟ್ಟು, ಓರೆಯಾಗಿ ಇಳಿಯುತ್ತ ಎದುರು ಕಡವು ಹಿಡಿಯುತ್ತಾರೆ. ದಡದಲ್ಲಿ ಒಂದು ಕೋಲು ನೆಟ್ಟು ಗೆರೆ ಎಳೆದು ಅರ್ಧ ಗಂಟೆ ಕಾದು ನೋಡುತ್ತಾರೆ. ಗೆರೆ ಮುಚ್ಚಿದರೆ ಆ ದಿನ ದೋಣಿ ಇಲ್ಲ.

ನೀವು ಬರುವುದಾದರೆ ಅಕ್ಟೋಬರ್ ಕೊನೆಗೆ ಬನ್ನಿ. ನೀರು ತಿಳಿಯಾಗಿರುತ್ತದೆ, ಗಾಳಿ ಇಳಿದಿರುತ್ತದೆ, ಬೊಡ್ಡೆಗಳು ಆಳದಲ್ಲಿರುತ್ತವೆ. ಒಂದಷ್ಟು ಭಾಗ ಶರಾವತಿ ಕಣಿವೆ ಅಭಯಾರಣ್ಯದೊಳಗಿದೆ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ಅಣೆಕಟ್ಟಿನ ಹತ್ತಿರ ಹೋಗಲೇಬೇಡಿ. ಆಗ ಹಗ್ಗದ ಲೆಕ್ಕ ತಿರುಗುಮುರುಗು: ವಿದ್ಯುತ್ತಿಗೆಂದು ನೀರು ಬಿಟ್ಟಂತೆ ಮಟ್ಟ ದಿನಕ್ಕೆ ಇಷ್ಟಿಷ್ಟೇ ಇಳಿಯುತ್ತದೆ. ದಡಕ್ಕೆ ತಾಗಿಸಿ ಕಟ್ಟಿದ ದೋಣಿ ನಾಲ್ಕು ದಿನದಲ್ಲಿ ಕೆಸರಿನ ಮೇಲೆ ಕೂತುಬಿಡುತ್ತದೆ, ಅಡಿಯಲ್ಲಿ ಬೊಡ್ಡೆಯಿದ್ದರೆ ಅದರ ಮೇಲೆ ವಾಲಿಕೊಳ್ಳುತ್ತದೆ. ಹಾಗಾಗಿ ದೋಣಿ ದಡದಿಂದ ಆಚೆ, ಮೂರು ಅಡಿ ಆಳದಲ್ಲಿ ನಿಲ್ಲಲಿ. ಹೊಸದಾಗಿ ಬಿಟ್ಟ ನೆಲ ಹುದುಲು, ಮೊಣಕಾಲು ಮಟ್ಟ ಹೂಳುತ್ತದೆ. ಹತ್ತಿ ಇಳಿಯಲು ಅಡಿಕೆ ಮರ ಸೀಳಿದ ದಬ್ಬೆಗಳನ್ನು ಅಡ್ಡಡ್ಡ ಹಾಸಿ ಅದರ ಮೇಲೆ ನಡೆಯಿರಿ, ಕೂತುಹೋದ ದೋಣಿಯನ್ನು ಜಾರಿಸಲೂ ಅದೇ ದಬ್ಬೆ ಸಾಕು, ಬೆನ್ನು ಮೇಲೆ ಮಾಡಿ ಹಾಸಿ ನೀರು ಚಿಮುಕಿಸಿದರೆ ಇಬ್ಬರೇ ತಳ್ಳಬಹುದು.