ಒಬ್ಬರೇ ಇರುವಾಗ ಬಚ್ಚಲಿಗೆ ಹೋಗೋದು ಹೇಗೆ?

ಮನೆಯಲ್ಲೇ ಮೂರು ಮಕ್ಕಳನ್ನು ಒಬ್ಬಳೇ ನೋಡ್ಕೊಳ್ತೀನಿ, ಬಚ್ಚಲಿಗೆ ಹೋಗೋಕೂ ಭಯ ಅಂತ ಕೇಳಿದ್ದೀರಿ. ಮೇಡಂ, ಆ ಭಯ ಸರಿಯಾದದ್ದೇ. ಅಂಬೆಗಾಲಿಡುವ ಮಗುವನ್ನು ಕಂಬಿ ಇರುವ ಮಕ್ಕಳ ಮಂಚದಲ್ಲಿ ಬಿಡಿ. ದೊಡ್ಡವರಿಬ್ಬರನ್ನು ಬಾಗಿಲೆದುರೇ ಚಾಪೆ ಹಾಕಿ ಕೂರಿಸಿ, ಬಾಗಿಲು ಓರೆ ಮಾಡಿಕೊಂಡು ಮಾತಾಡಿಸ್ತಾ ಇರಿ. ಸದ್ದು ನಿಂತರೆ ತಕ್ಷಣ ಎದ್ದು ಬನ್ನಿ. ‘ಪಾಪು ನೋಡ್ಕೋ’ ಅಂತ ನಾಲ್ಕು ವರ್ಷದವಳಿಗೆ ದಯವಿಟ್ಟು ಒಪ್ಪಿಸಬೇಡಿ.

ನನಗೆ ಇನ್ನೂ ಹೆಚ್ಚಿನ ಹೆದರಿಕೆ ಬಕೆಟ್ಟಿನದು. ನಲ್ಲಿ ನೀರು ದಿನಾ ಬರದ ಮನೆಗಳಲ್ಲಿ ತುಂಬಿಸಿಟ್ಟಿರ್ತೀವಲ್ಲ. ಎಳೆಮಕ್ಕಳಿಗೆ ತಲೆಯೇ ಭಾರ, ಬಗ್ಗಿದರೆ ಮುಗ್ಗರಿಸ್ತಾರೆ. ಮುಳುಗೋಕೆ 2 ಇಂಚು ನೀರೂ ಸಾಕು, ಕೂಗೂ ಕೇಳಿಸೋಲ್ಲ. ಬಚ್ಚಲ ಬಾಗಿಲಿಗೆ ಹೊರಗಡೆ, ಎತ್ತರದಲ್ಲಿ ಚಿಲಕ ಹಾಕಿಸಿ. ಮಕ್ಕಳು ತಿನ್ನುವಾಗಂತೂ ಎದುರಿಂದ ಏಳಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ದ್ರಾಕ್ಷಿ ಉದ್ದಕ್ಕೆ ನಾಲ್ಕು ಹೋಳು ಮಾಡಿ, ಇಡೀ ಕಡಲೆಬೀಜ ಬೇಡ.