ಮಲ್ಲಿಗೆ ಕವಿ ಮುಪ್ಪಲ್ಲಿ ಏನ್ ಬರೆದ್ರು?

ಪ್ರಶ್ನೆ: ಸರ್, ಮದ್ವೆ ಆದ ಹೊಸತರಲ್ಲಿ ನಾನೂ ನಮ್ಮನೆಯವ್ರೂ ಕೆ.ಎಸ್. ನರಸಿಂಹಸ್ವಾಮಿಯವ್ರ ಮೈಸೂರ ಮಲ್ಲಿಗೆ ಓದ್ತಿದ್ವಿ, ಈಗ ನಂಗೆ 71, ಅವ್ರಿಗೆ ಪಾರ್ಕಿನ್ಸನ್ಸ್, ಕೈ ನಡುಗತ್ತೆ. ಕವಿಗಳು ವಯಸ್ಸಾದ್ಮೇಲೂ ಪ್ರೀತಿ ಬಗ್ಗೆ ಬರೆದ್ರಾ?
— ಓದುಗರೊಬ್ಬರು, ಹಾಸನ

ಉತ್ತರ: ಬರೆದ್ರಮ್ಮಾ. ಮೈಸೂರ ಮಲ್ಲಿಗೆ ಬಂದಿದ್ದು 1942ರಲ್ಲಿ, ಕಿಕ್ಕೇರಿಯ ಆ ಹುಡುಗಂಗೆ ಆಗಿನ್ನೂ 27, ಅದಾಗಿ 51 ವರ್ಷಕ್ಕೆ 1993ರಲ್ಲಿ ದುಂಡುಮಲ್ಲಿಗೆ ಅಂತ ಸಂಕಲನ ತಂದ್ರು, 78ನೇ ವಯಸ್ಸಲ್ಲೂ ಅದೇ ಹೂವಿನ ಹೆಸ್ರು ನೋಡಿ! 2003ರಲ್ಲಿ ತೀರ್ಕೊಂಡ್ರು. ನಂಗೆ ಮಾತ್ರ ತುಂಬಾ ಹತ್ರ ಆಗೋದು ಅವ್ರ 'ದೀಪವು ನಿನ್ನದೆ', ಅದ್ರಲ್ಲಿ ದೀಪಾನೂ ನಿಂದೇ ಗಾಳೀನೂ ನಿಂದೇ, ಬೆಳಕೊಂದು ಆರದೇ ಇರ್ಲಿ ಅಂತಷ್ಟೇ ಕೇಳ್ತಾರೆ, ಗಾಳಿ ಬೀಸ್ಲೇಬೇಡ ಅನ್ನಲ್ಲ. ನಮ್ಮಪ್ಪ ಕೊನೆ ವರ್ಷ ಅಮ್ಮಂಗೆ ಕಾಫಿ ಲೋಟ ತಾವೇ ಬಾಯಿಗೆ ಹಿಡೀತಿದ್ರು, ಸೀರೆ ಮೇಲೆ ಚೆಲ್ಲಿದ್ರೆ ಹೆಗಲ ಮೇಲಿನ ಟವೆಲ್ಲಲ್ಲಿ ಒರೆಸಿ ಏನೂ ಆಗಿಲ್ಲ ಅನ್ನೋ ಥರ ಮತ್ತೆ ಹಿಡೀತಿದ್ರು, ಆ ಪದ್ಯ ಕೇಳಿದಾಗೆಲ್ಲ ನಂಗೆ ಆ ಟವೆಲ್ಲೇ ಕಣ್ಮುಂದೆ ಬರತ್ತೆ. ಇವತ್ ಸಂಜೆ ಯಜಮಾನ್ರ ಪಕ್ಕ ಕೂತು ಹಳೇ ಪುಸ್ತಕ ತೆಗೀರಿ, ನೀವು ಹಿಡ್ಕೊಳಿ, ಅವ್ರು ಓದ್ಲಿ.