ಆಪ್ತಸಲಹೆ: ‘ಮಾಲ್ಗುಡಿ ಡೇಸ್’ ನೋಡಲು ಮಗಳನ್ನು ಕೂರಿಸುವ ಅಪ್ಪ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಂದು ಮನೆಯವರ ಕಥೆ ಇದು. ಹೆಸರು, ಕೆಲಸ ಬದಲಿಸಿದ್ದೇನೆ. ಬರೆಯಲು ಮನೆಯವರೆಲ್ಲರ ಒಪ್ಪಿಗೆ ಇದೆ.

ರಘು ಎನ್ನೋಣ. ಐವತ್ತರ ಹತ್ತಿರದ ವಯಸ್ಸು. ಹೊಸನಗರದ ಕಡೆಯವರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ, ಮುಂಬೈನ ಅಂಧೇರಿಯಲ್ಲಿ ಕೆಲಸ. ರಾತ್ರಿ ಊಟ ಆದಮೇಲೆ ‘ಮಾಲ್ಗುಡಿ ಡೇಸ್’ ಎಂಬ ಹಳೇ ಹಿಂದಿ ಧಾರಾವಾಹಿ ಹಾಕಿಕೊಂಡು ಕೂರುತ್ತಾರೆ. ನೋಡಿದ ಕಂತನ್ನೇ ಮತ್ತೆ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹೆಂಡತಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಾಗ ಜಗಳ ಶುರುವಾಯಿತು. ಹತ್ತನೇ ಕ್ಲಾಸಿನ ಮಗಳು ಮೊಬೈಲ್ ಮುಟ್ಟಿದರೆ ಇವರಿಗೆ ಸಿಟ್ಟು. ಒಂದು ರಾತ್ರಿ ಟಿವಿ ಆರಿಸಿ ಎದ್ದುಹೋದವರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

“ನಾವು ನೋಡಿದ್ರ ಸಾಲೂದಿಲ್ರೀ ಮೇಡಂ, ಅಳಬೇಕು ಇವ್ರಿಗೆ,” ಎಂದರು ವಿಜಯಪುರ ಮೂಲದ ಹೆಂಡತಿ. ಮಗಳು ಹೇಳಿದ್ದು ಬೇರೆ. “ಅಪ್ಪ ಟಿವಿ ನೋಡಲ್ಲ, ನನ್ನ ಮುಖ ನೋಡ್ತಾರೆ. ಆಗಾಗ ನಿಲ್ಲಿಸಿ ಅರ್ಥ ಹೇಳ್ತಾರೆ. ನಂಗೆ ಹಿಂದಿ ಅವ್ರಿಗಿಂತ ಚೆನ್ನಾಗಿ ಬರುತ್ತೆ.”

ಈ ಅರ್ಥ ಹೇಳುವ ವಿಷಯ ನನ್ನ ತಲೆಯಲ್ಲಿ ಉಳಿಯಿತು. ಮೊದಲ ಸಲ ಎಲ್ಲಿ ನೋಡಿದಿರಿ ಎಂದು ಕೇಳಿದೆ. ಅಲ್ಲಿವರೆಗೆ ಹೂಂ, ಉಹೂಂ ಎನ್ನುತ್ತಿದ್ದ ರಘು ಬಿಡದೆ ಮಾತಾಡಿದರು. 1980ರ ದಶಕ, ದೂರದರ್ಶನ. ಊರಿಗೆಲ್ಲ ಒಂದೇ ಟಿವಿ, ಅದೂ ಕಪ್ಪು ಬಿಳುಪು. ಅಡಿಕೆ ಮರದ ಕಂಬಕ್ಕೆ ಕಟ್ಟಿದ ಆಂಟೆನಾ. ಶಂಕರ್ ನಾಗ್ ಆ ಧಾರಾವಾಹಿಯನ್ನು ಹೆಚ್ಚಾಗಿ ಆಗುಂಬೆಯಲ್ಲಿ ಚಿತ್ರೀಕರಿಸಿದ್ದರು. ಇವರ ಕಡೆಯ ಅರಸಾಳು ರೈಲ್ವೆ ಸ್ಟೇಷನ್ನೇ ಅದರಲ್ಲಿ ಮಾಲ್ಗುಡಿ ಸ್ಟೇಷನ್. ಅದು ಕಂಡ ಕೂಡಲೇ ಜಗಲಿ ತುಂಬ ಕೂಗಾಟ. ಮಾತೆಲ್ಲ ಹಿಂದಿಯಲ್ಲಿ, ಯಾರಿಗೂ ತಿಳಿಯುತ್ತಿರಲಿಲ್ಲ. ಮೇಷ್ಟ್ರೊಬ್ಬರು ಟಿವಿ ಪಕ್ಕದಲ್ಲೇ ಕೂತು, ಕಥೆಯ ಹುಡುಗ ಸ್ವಾಮಿ ಏನಂದ, ಅವನಪ್ಪ ಏನಂದರು ಅಂತ ಕನ್ನಡದಲ್ಲಿ ಹೇಳುತ್ತಿದ್ದರಂತೆ.

ರಘು ಚಿಕ್ಕವರಿದ್ದಾಗ ಅದನ್ನು ಒಬ್ಬರೇ ನೋಡಿದ್ದೇ ಇಲ್ಲ. ಈಗ ಡೊಂಬಿವಲಿಯಲ್ಲಿ ಆ ಮೇಷ್ಟ್ರ ಕೆಲಸ ತಾವೇ ಮಾಡುತ್ತಿದ್ದರು. ನನ್ನ ಪ್ರಕಾರ ಇಲ್ಲಿ ಎರಡು ಆಸೆ ಕಲಸಿಹೋಗಿದ್ದವು. ಗೊತ್ತಿರುವವರ ಜೊತೆ ಕೂತು ನೆನೆಯಬೇಕು. ಗೊತ್ತಿಲ್ಲದವರಿಗೆ ತೋರಿಸಬೇಕು. ಮೊದಲನೆಯದನ್ನು ಮಗಳ ಹತ್ತಿರ ಕೇಳಿದರೆ ಅವಳು ಎಲ್ಲಿಂದ ತರಬೇಕು, ಅಲ್ವಾ?

ಊರಿನ ಜೊತೆಗಾರರಿಗೆ ಫೋನ್ ಮಾಡಿ ಎಂದೆ. ಅವರೂ ಅದೇ ಕಂತು ನೋಡಲಿ, ಆಮೇಲೆ ಹರಟಿ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಹೋಗಿಬನ್ನಿ, ನಿಮ್ಮ ವಯಸ್ಸಿನ ಕನ್ನಡದವರು ಸಿಕ್ಕೇ ಸಿಗುತ್ತಾರೆ. ಮಗಳ ಜೊತೆ ಒಂದು ಸಲಕ್ಕೆ ಒಂದೇ ಕಂತು. ನಡುವೆ ನಿಲ್ಲಿಸಬೇಡಿ. ಎದ್ದುಹೋದರೆ ಹೋಗಲಿ. ಮುಗಿದಮೇಲೆ ‘ಹೇಗಿತ್ತು’ ಅಂತ ಪರೀಕ್ಷೆ ಬೇಡ. ಕಥೆ ಅವಳಿಗೆ ತಾನೇ ತಿಳಿಯುತ್ತದೆ, ಜಗಲಿಯಲ್ಲಿ ಏನಾಯಿತು ಅನ್ನೋದನ್ನು ನೀವೇ ಹೇಳಬೇಕು. ಅರಸಾಳಿನ ಹಳೇ ಸ್ಟೇಷನ್ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಊರಿಗೆ ಹೋದಾಗ ಕರೆದುಕೊಂಡು ಹೋಗಿ. ಮತ್ತೆ, ಅವಳು ನೋಡುವ ಕೊರಿಯನ್ ಸೀರಿಯಲ್ಲಿಗೂ ನೀವು ಕೂರಬೇಕು. ಇದಕ್ಕೆ ಮಾತ್ರ ರಘು ಸುಲಭಕ್ಕೆ ಒಪ್ಪಲಿಲ್ಲ.

ಮಗಳಿಗೆ ಧಾರಾವಾಹಿ ಈಗಲೂ ಅಷ್ಟಕ್ಕಷ್ಟೇ. ಆದರೆ ಒಂದಿನ ಕೇಳಿದಳಂತೆ: “ಆ ಮೇಷ್ಟ್ರಿಗೆ ನಿಜವಾಗ್ಲೂ ಹಿಂದಿ ಬರ್ತಿತ್ತಾ, ಸುಮ್ನೆ ಹೇಳ್ತಿದ್ರಾ?” ರಘುಗೂ ಗೊತ್ತಿರಲಿಲ್ಲ. ಅಲ್ಲೇ ಊರಿನ ಗೆಳೆಯನಿಗೆ ಫೋನ್ ಹಚ್ಚಿ, ಸ್ಪೀಕರ್‌ನಲ್ಲಿ ಹಾಕಿ, ಮಗಳ ಎದುರೇ ವಿಚಾರಿಸಿದರು.

ಸಿಟ್ಟು ಪೂರ್ತಿ ಹೋಗಿಲ್ಲ. ರಾತ್ರಿ ಎರಡು ಗಂಟೆವರೆಗೆ ಒಬ್ಬರೇ ನೋಡುವುದೂ ಇತ್ತು. ಬೆಳಿಗ್ಗೆ ಲೋಕಲ್ ಹಿಡಿಯಬೇಕಾದವರು, ಹನ್ನೊಂದಕ್ಕೆ ಬಂದ್ ಮಾಡಿ ಎಂದಿದ್ದೇನೆ. ನಿದ್ದೆ ಕೆಟ್ಟರೆ, ಊಟ, ಕೆಲಸ ಬೇಡವೆನಿಸಿದರೆ ತಡ ಮಾಡದೆ ಬರಲೂ ಹೇಳಿದ್ದೇನೆ.